ವಿರೂಪಾಕ್ಷಪ್ಪನವರ ನಂಬರು

ಹನುಮಸಾಗರ
28 ಜುಲೈ 2025, ಸೋಮವಾರ

ಸಿದ್ದಾಪುರದ ಅಂಗನವಾಡಿ ಅಕ್ಕೋರು ಮೆಹಬೂಬಬೀ ಅವರಿಗೆ ಹನುಮಸಾಗರದ ಶಿವಲೀಲಾ ಕೋಂ ವಿರೂಪಾಕ್ಷಪ್ಪ ಮಾಡುವ ಶರಣು.

ಇವತ್ತು ಶ್ರಾವಣದ ಮೊದಲ ಸೋಮವಾರ, ನನ್ನದು ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಲಿಂಗಪೂಜೆ ಮುಗಿಸಿ, ಪಂಚಮಿಗೆಂದು ಶೇಂಗಾ ಹುರಿದು ಸಿಪ್ಪೆ ತೆಗೆದಿಟ್ಟು ಈಗ ಕೂತಿದ್ದೇನೆ. ಉಂಡಿ ಕಟ್ಟುವುದು ಮಧ್ಯಾಹ್ನದ ಕೆಲಸ. ಅಷ್ಟರೊಳಗೆ ಈ ಪತ್ರ ಮುಗಿಯಬೇಕು.

ಹೋದ ವಾರ ನಿಮಗೆ ಫೋನು ಮಾಡಿದವಳು ನಾನೇ. "ನಮ್ಮ ಯಜಮಾನರು ತೀರಿಕೊಂಡಾರ, ಅವರ ನಂಬರು ಈಗ ನಿಮ್ಮ ಹತ್ರ ಐತಿ, ನಿಮಗೊಂದು ಓಟಿಪಿ ಬರತೈತಿ" ಎಂದು ನಾನು ಹೇಳುತ್ತಿದ್ದಂತೆಯೇ ನೀವು, "ಮೊನ್ನಿ ಬ್ಯಾಂಕಿನಾಕಿ ಆಗಿದ್ದಿ, ಇವತ್ತ ಗಂಡನ್ನ ಕಳಕೊಂಡಾಕಿ ಆದಿ, ನಾಳೆ ಏನಾಗ್ತಿ? ಸಿದ್ದಾಪುರದ ಅಂಗನವಾಡಿ ಮೆಹಬೂಬಬೀ ಮುಂದ ಈ ಆಟ ನಡಿಯಂಗಿಲ್ಲ" ಎಂದು ಇಟ್ಟುಬಿಟ್ಟಿರಿ. ಮತ್ತೆ ಹಚ್ಚಿದರೆ ಹೋಗಲಿಲ್ಲ. ಬ್ಲಾಕ್ ಮಾಡಿದ್ದೀರಿ ಎಂದು ನಮ್ಮ ಭಾವನ ಮಗ ಹಾಲೇಶ ಹೇಳಿದ. ಬೈಯುವಾಗ ಊರು, ಹೆಸರು, ಉದ್ಯೋಗ ಮೂರೂ ಹೇಳಿದ್ದರಿಂದ ಈ ಪತ್ರ ಬರೆಯಲು ಬಂತು. ಮೋಸ ಮಾಡುವವರಿಗೆ ಕೈಯಿಂದ ಇಷ್ಟುದ್ದ ಬರೆಯುವ ಪುರುಸೊತ್ತು ಇರುವುದಿಲ್ಲ ಎಂದುಕೊಂಡು ಓದಿರಿ.

ನಮ್ಮ ಯಜಮಾನರು ಪ್ರತಿ ಶ್ರಾವಣ ಬಸವಣ್ಣನ ಗುಡಿಯಲ್ಲಿ ಪುರಾಣ ಹೇಳುತ್ತಿದ್ದರು. ಒಬ್ಬರು ಪದ್ಯ ಓದುವುದು, ಇವರು ಅರ್ಥ ಬಿಡಿಸುವುದು. ಊರೆಲ್ಲ ಕೂತು ಕೇಳುತ್ತಿತ್ತು, ನಾನು ಮಾತ್ರ ಕೇಳಿದ್ದಿಲ್ಲ. ಆ ಹೊತ್ತಿಗೆ ಗುಡಿಯ ಹಿಂದಿನ ದಾಸೋಹದ ಅಡುಗೆಮನೆಯಲ್ಲಿ ನನ್ನದು ರೊಟ್ಟಿ ಬಡಿಯುವ ಕೆಲಸ. ಅದಕ್ಕೆ ಅವರು ಫೋನನ್ನು ಮೊಣಕಾಲ ಹತ್ತಿರ ಇಟ್ಟುಕೊಂಡು ತಾವು ಹೇಳಿದ್ದನ್ನು ರೆಕಾರ್ಡ್ ಮಾಡುತ್ತಿದ್ದರು. "ಸಾವಕಾಶ ಕೇಳು" ಎನ್ನುತ್ತಿದ್ದರು. ನಾನೂ ಸಾವಕಾಶ ಕೇಳಿದರಾಯಿತು ಎಂದು ಇದ್ದೆ. ಎರಡು ವರ್ಷದ ಹಿಂದೆ ದೀಪಾವಳಿಯ ಮುಂದೆ ಎದೆನೋವು ಬಂದು ಹೋದರು.

ಮಣ್ಣು ಮಾಡುವ ದಿನ ಅವರ ಪುರಾಣದ ಶಾಲು, ಕನ್ನಡಕ ಸಮಾಧಿಯೊಳಗೆ ಇಟ್ಟೆವು. ಫೋನು ಬೆಳಗಿನಿಂದ ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಿದವರು ಪ್ರತಿಸಲವೂ ಅದೇ ಸುದ್ದಿ ಹೇಳಬೇಕು. "ಇದನ್ನೂ ಅವರ ಜೋಡಿ ಇಡಬಹುದೇನೋ ಹಾಲೇಶ, ಒಳಗಿನ ಪುರಾಣ ಹೋಗ್ತಾವೇನು?" ಎಂದು ಕೇಳಿದೆ. "ಇಡ್ರಿ ಚಿಗವ್ವ. ಕಾಕಾ ಇಟ್ಟಿದ್ದೆಲ್ಲ ಕಂಪನಿಯವರ ಹತ್ರ ಕ್ಲೌಡಿನಾಗ ಜ್ವಾಪಾನ ಇರತೈತಿ. ಫೋನು ಅಂದ್ರ ಬರೇ ಡಬ್ಬಿ" ಎಂದ. ಶಾಲಿನ ಮಡಿಕೆಯಲ್ಲಿ ಇಟ್ಟೆವು.

ಈ ವರ್ಷ ಗುಡಿಯಲ್ಲಿ ಪುರಾಣ ಹೇಳುವವರಿಲ್ಲ. ಎಲ್ಲಿಯದೋ ಒಂದನ್ನು ಸ್ಪೀಕರಿಗೆ ಹಾಕುತ್ತೇವೆ ಎಂದರು. ನಮ್ಮವರದೇ ಇದೆಯಲ್ಲ ಎಂದು ಹಾಲೇಶನ ಕೈಲಿ ತೆಗೆಸಲು ಹೋದೆ. ಪಾಸ್‌ವರ್ಡು ನನಗೆ ಗೊತ್ತು, ನಮ್ಮ ಎತ್ತಿನ ಹೆಸರು. ಅದನ್ನು ಹಾಕಿದರೆ, ನಿಮ್ಮ ನಂಬರಿಗೆ ಓಟಿಪಿ ಕಳಿಸಿದ್ದೇವೆ, ಅದನ್ನು ಹೇಳಿರಿ ಎನ್ನುತ್ತದೆ. ಆ ನಂಬರಿನ ಸಿಮ್ಮು ಮಣ್ಣಿನಲ್ಲಿದೆ. ರೀಚಾರ್ಜು ಇಲ್ಲದ್ದಕ್ಕೆ ನಂಬರನ್ನು ತೆಗೆದು ನಿಮಗೆ ಕೊಟ್ಟಿದ್ದಾರೆ.

ಅದು ಅವರ ನಂಬರು. ಸಾಧ್ಯವಾದರೆ ನನಗೆ ತಿರುಗಿ ಕೊಡಿರಿ. ಆಗದಿದ್ದರೆ ಬರುವ ಓಟಿಪಿಯನ್ನಾದರೂ ಹೇಳಿರಿ.

ಶರಣಾರ್ಥಿಗಳೊಂದಿಗೆ,
ಶಿವಲೀಲಾ


ಸಿದ್ದಾಪುರ
10 ಆಗಸ್ಟ್ 2025

ಶಿವಲೀಲಾ ಅವರಿಗೆ ಮೆಹಬೂಬಬೀಯ ಸಲಾಮು.

ಪತ್ರ ಮುಟ್ಟಿತು. "ಅಕ್ಕೋರ, ನಿಮಗ ಸರಕಾರದ್ದಲ್ಲದ ಪತ್ರ ಒಂದು ಬಂದೈತಿ ನೋಡ್ರಿ" ಎಂದು ಪೋಸ್ಟಿನವರು ನಗುತ್ತ ಕೊಟ್ಟರು. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಆದರೆ ನೀವು ನೀವೇ ಎಂದು ನನಗಿನ್ನೂ ನಂಬಿಕೆ ಬಂದಿಲ್ಲ. ಕೈಯಿಂದ ಬರೆಯುವ ಮೋಸಗಾರರೂ ಇರಬಹುದು.

ನಂಬರು ಕೊಡಲು ಆಗುವುದಿಲ್ಲ. ಹೋದ ವರ್ಷ ಕಾಲುವೆಯಲ್ಲಿ ಬಟ್ಟೆ ತೊಳೆಯುವಾಗ ನನ್ನ ಹಳೆಯ ಫೋನು ನೀರಿಗೆ ಬಿತ್ತು. ಆ ಸಿಮ್ಮು ಯಾರ ಹೆಸರಿನಲ್ಲಿತ್ತೋ, ತಿರುಗಿ ಸಿಗಲಿಲ್ಲ. ಸಂತೆಯಲ್ಲಿ ಛತ್ರಿ ಕೆಳಗೆ ಕೂತು ಸಿಮ್ಮು ಮಾರುವವನ ಹತ್ತಿರ ಈ ನಂಬರು ತೆಗೆದುಕೊಂಡೆ. ಓಟಿಪಿ ಹಳೆಯ ನಂಬರಿಗೇ ಹೋಗುತ್ತಿದ್ದುದರಿಂದ, ಹೊಸ ನಂಬರು ಜೋಡಿಸುವವರೆಗೆ ಹಾಜರಿ ಆ್ಯಪಿನಲ್ಲಿ ನನ್ನ ಅಂಗನವಾಡಿಯೇ ಕಾಣದಾಯಿತು. ಮಕ್ಕಳು ನನ್ನೆದುರಿಗೆ ಉಪ್ಪಿಟ್ಟಿಗೆ ಕಾಯುತ್ತ ಕೂತಿದ್ದರು, ಆ್ಯಪಿನಲ್ಲಿ ಒಂದು ಮಗುವೂ ಇರಲಿಲ್ಲ. ರೇಷನ್ನು ನಿಂತಿತು. ಆಗಿನಿಂದ ಯಾರಾದರೂ ಓಟಿಪಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇದು ಯಾರೋ ದೊಡ್ಡವರ ನಂಬರು ಎಂಬುದು ಮೊದಲ ತಿಂಗಳೇ ತಿಳಿದಿತ್ತು. "ಅಪ್ಪಾರ, ಪುರಾಣ ಯಾವಾಗ ಹಚ್ತೀರಿ?" "ಅಪ್ಪಾರ, ಎಮ್ಮಿ ಈದೈತಿ, ಹೆಸರು ಹೇಳ್ರಿ." ರಾಂಗ್ ನಂಬರು ಎಂದು ಹೇಳಿ ಹೇಳಿ ಅವರೆಲ್ಲ ಬಿಟ್ಟರು. ಬಿಡದವಳು ಒಬ್ಬಳೇ, ಯಲಬುರ್ಗಾ ಕಡೆಯ ಫಕೀರಮ್ಮ ಎಂಬ ಮುದುಕಿ. ಕಿವಿ ಮಂದ. ಅಮಾವಾಸ್ಯೆ, ಏಕಾದಶಿ ಹತ್ತಿರ ಬಂದರೆ ಅವಳ ಫೋನು ಬಂತೆಂದೇ ಲೆಕ್ಕ.

"ಅಪ್ಪಾರಿಗೆ ಕೊಡು."

"ಅವರಿಲ್ಲ, ಆಯಿ. ಇದು ಬ್ಯಾರೆ ನಂಬರು."

"ಹೊಲಕ್ಕ ಹೋಗ್ಯಾರೇನು? ಇರಲಿ, ನೀನ ಹೇಳವಾ. ಏಕಾದಶಿ ಯಾವತ್ತೈತಿ?"

ಮೂರು ಸಲ ಇಟ್ಟುಬಿಟ್ಟೆ. ನಾಲ್ಕನೆಯ ಸಲ ಗೋಡೆಯ ಕ್ಯಾಲೆಂಡರು ನೋಡಿ ಹೇಳಿದೆ. ಹೇಳುವುದೇ ಸಸಾರವೆನಿಸಿತು. ಆಗಿನಿಂದ ಹೇಳುತ್ತ ಬಂದಿದ್ದೇನೆ. ನಮ್ಮ ಮನೆಯವರು, "ಆ ಮುದುಕಿ ಉಪವಾಸಕ್ಕ ನಿನಗೂ ಪುಣ್ಯದಾಗ ಪಾಲು ಬರತೈತಿ ತಗೊ" ಎಂದು ಚಾಷ್ಟಿ ಮಾಡುತ್ತಾರೆ.

ಇನ್ನೊಂದು ಮಾತು. ಈ ನಂಬರಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬರುತ್ತಿದೆ. ಎರಡು ವರ್ಷದಿಂದ ಬಳಸದ ಖಾತೆಯನ್ನು ಅಕ್ಟೋಬರ್ ಕೊನೆಗೆ ಅಳಿಸುತ್ತೇವೆ ಎಂದಿದೆ. ಮೋಸದ್ದೆಂದು ನಾನು ಅಳಿಸುತ್ತಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಇದು ನಿಮ್ಮದಿರಬಹುದೇ ಎನಿಸಿತು.

ನಿಮ್ಮನ್ನು ಹೇಗೆ ನಂಬಲಿ? ಫಕೀರಮ್ಮ ನನ್ನನ್ನು ನಿಮ್ಮ ಸೊಸೆ ಎಂದುಕೊಂಡಿದ್ದಾಳೆ. ಆ ಸೊಸೆಯ ಹೆಸರೇನು, ಬರೆಯಿರಿ. ಅವಳನ್ನು ಕೇಳಿ ತಾಳೆ ನೋಡುತ್ತೇನೆ.

ಇಂತಿ,
ಮೆಹಬೂಬಬೀ


ಹನುಮಸಾಗರ
18 ಆಗಸ್ಟ್ 2025, ಸೋಮವಾರ

ಮೆಹಬೂಬಬೀ ಅಕ್ಕೋರಿಗೆ ಶರಣು.

ನನಗೆ ಸೊಸೆ ಇಲ್ಲ. ಸೊಸೆ ಬರಲು ಮಗ ಬೇಕು, ನಮಗೆ ಮಕ್ಕಳಾಗಲಿಲ್ಲ. ತಾಳೆ ನೋಡಲು ನಿಮ್ಮ ಹತ್ತಿರ ಇದೊಂದೇ ದಾರಿ ಇದ್ದರೆ ನಾನು ತಪ್ಪಿದವಳೇ ಆದೆ.

ಫಕೀರಮ್ಮನ ಹೆಸರು ಕೇಳಿದ್ದೇನೆ, ಮುಖ ನೋಡಿಲ್ಲ. ಒಂದು ಸಲ ಇವರು ಅವಳ ಊರಿನಲ್ಲಿ ಪುರಾಣ ಹೇಳಿ ಬಂದಿದ್ದರು. ಆಗಿನಿಂದ ಅವಳು ಉಪವಾಸ ಹಿಡಿದಳಂತೆ. ಅವಳಿಗೆ ಸುದ್ದಿ ಮುಟ್ಟಿಲ್ಲ ಎಂಬುದು ನಿಮ್ಮ ಪತ್ರದಿಂದ ತಿಳಿಯಿತು.

ಆ ಮೆಸೇಜು ನಮ್ಮದೇ. ಹಾಲೇಶ ಹೌದೆಂದ. ಕುಷ್ಟಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುತ್ತಾನೆ, ಇಂಥದೆಲ್ಲ ಅವನಿಗೆ ತಿಳಿಯುತ್ತದೆ. ನಾನು ಕೇಳಿದೆ, "ಹೇಳಿದವರು ಅವರು, ನಮ್ಮ ಫೋನಿನಾಗ ಹೇಳಿದ್ದು. ಅದನ್ನ ಅಳಸಾಕ ಇವರು ಯಾರು?"

"ಚಿಗವ್ವ, ಖಾತೆ ತೆಗಿಯೂ ಮುಂದ ಕಾಕಾ ಒಪ್ಪಿಗಿ ಒತ್ತ್ಯಾನ."

"ಏನಂತ ಒಪ್ಪಿಗಿ?"

"ಯಾರಿಗ್ಗೊತ್ತು? ಅದನ್ನ ಯಾರೂ ಓದಂಗಿಲ್ಲ."

"ಜ್ವಾಪಾನ ಇರತೈತಿ ಅಂದಿದ್ದೆಲ್ಲ."

"ಇರತೈತಿ. ಅವರಿಗೆ ಬೇಕಾಗೂತನಕ ಇರತೈತಿ."

ಒಂದೊಂದು ಅಕ್ಷರ ಹಿಡಿದು ಮಂದಿಗೆ ಅರ್ಥ ಬಿಡಿಸುತ್ತಿದ್ದ ಮನುಷ್ಯ ಅದೊಂದನ್ನು ಓದದೆ ಒತ್ತಿದ್ದಾರೆ.

ನಿಮ್ಮ ಅಂಗನವಾಡಿಯ ಮಕ್ಕಳು ಕಾಣದಾದದ್ದು ಓದಿದೆ. ನಂಬರು ನಿಮ್ಮ ಹತ್ತಿರವೇ ಇರಲಿ, ಇನ್ನು ಕೇಳುವುದಿಲ್ಲ. ನಂಬಿಕೆಯ ಮಾತಿಗೆ ನನ್ನದೊಂದು ಉಪಾಯ. ಗಂಗಾವತಿಗೆ ಬರುತ್ತೇನೆ, ನೀವೂ ಬನ್ನಿರಿ. ಒಂದು ಶನಿವಾರವಾದರೆ ನಾನು ಅಂಜನಾದ್ರಿ ಹತ್ತಿ ಹನುಮಪ್ಪನಿಗೆ ಕಾಯಿ ಒಡೆಸಿದಂತೆಯೂ ಆಗುತ್ತದೆ. ನನ್ನ ಮುಖ ನೋಡಿರಿ, ಫೋನು ನಿಮ್ಮ ಕೈಯಲ್ಲೇ ಇರಲಿ. ಮನಸ್ಸಿಗೆ ಬಂದರೆ ಹೇಳಿರಿ, ಬರದಿದ್ದರೆ ಎದ್ದು ಹೋಗಿರಿ.

ಗುಡಿಯಲ್ಲಿ ಸ್ಪೀಕರಿನ ಪುರಾಣ ಹಚ್ಚಿದ್ದಾರೆ. ಅದನ್ನು ಹೇಳುವವರು ನಮ್ಮ ಕಡೆಯವರಲ್ಲ. ರೊಟ್ಟಿ ಬಡಿಯಲು ನಾನು ಹೋಗುತ್ತೇನೆ.

ನಿಮ್ಮ,
ಶಿವಲೀಲಾ


ಸಿದ್ದಾಪುರ
8 ಸೆಪ್ಟೆಂಬರ್ 2025

ಶಿವಲೀಲಕ್ಕನವರಿಗೆ ಸಲಾಮು.

ಸೊಸೆಯ ಮಾತು ಕೇಳಬಾರದಾಗಿತ್ತು. ಫಕೀರಮ್ಮನನ್ನೂ ಕೇಳಿಬಿಟ್ಟಿದ್ದೆ. "ಆಯಿ, ಸೊಸಿ ಸೊಸಿ ಅಂತೀಯಲ್ಲ, ಸೊಸಿ ಹೆಸರೇನು?" ಎಂದರೆ, "ನಿನ್ನ ಹೆಸರು ನನ್ನ ಕೇಳ್ತಿಯೇನವಾ?" ಎಂದು ನಕ್ಕಳು.

ಈ ತಿಂಗಳ ಇಪ್ಪತ್ತಕ್ಕೆ ಶನಿವಾರ, ನಾನು ರಜೆ ಹಾಕುತ್ತೇನೆ. ಗಂಗಾವತಿ ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಕೂತಿರುತ್ತೇನೆ. ಹಸಿರು ಬುರ್ಖಾ, ಕೈಯಲ್ಲಿ ಅಂಗನವಾಡಿಯ ಚೀಲ.

ಈ ಪತ್ರ ಪೋಸ್ಟಿಗೆ ಹಾಕಿಲ್ಲ. ನಮ್ಮ ಓಣಿಯ ಟಿಪ್ಪುಸಾಬ ಕಂಡಕ್ಟರು. ಅವರ ಬಸ್ಸು ಗಂಗಾವತಿ, ಕುಷ್ಟಗಿ ಮೇಲೆ ನಿಮ್ಮೂರಿಗೆ ಬರುತ್ತದೆ. ಮುಂದಿನದನ್ನು ಅವರ ಕೈಯಲ್ಲಿ ಕೊಡಿರಿ, ಅದೇ ದಿನ ಮುಟ್ಟುತ್ತದೆ. ನಂಬಿಗಸ್ತ ಮನುಷ್ಯ.

ಮೆಹಬೂಬಬೀ


ಸಿದ್ದಾಪುರ
22 ಸೆಪ್ಟೆಂಬರ್ 2025

ಶಿವಲೀಲಕ್ಕನವರಿಗೆ ಸಲಾಮು.

ಶನಿವಾರ ಗಂಗಾವತಿಯಿಂದ ಊರು ಮುಟ್ಟಿದೆ. ಮುಟ್ಟಿದಾಗಿನಿಂದ ಅದೇ ಚಿಂತೆ. ಆ ಕರೆಯನ್ನು ನಾನು ಕತ್ತರಿಸಬೇಕಾಗಿತ್ತು.

ಓಟಿಪಿ ಬಂದು ಪರದೆಯ ಮೇಲೆ ಕಂಡದ್ದು ನಿಜ. ನಿಮ್ಮ ಹಾಲೇಶ ಬೆರಳು ಎತ್ತಿಕೊಂಡು ಕೂತಿದ್ದ. ಮೊದಲ ಅಂಕಿ ಹೇಳುವುದರೊಳಗೆ ಫಕೀರಮ್ಮನ ಫೋನು ಬಂತು. ಬೆರಳಿಗೆ ರೂಢಿ ಬಿದ್ದಿದೆ, ಎತ್ತಿಬಿಟ್ಟೆ.

"ಅವಾ, ಅಮಾಸಿ ನಾಳೇನ, ನಾಡದ?"

"ನಾಳೆ, ಆಯಿ. ರವಿವಾರ."

"ಸೋಮವಾರ?"

"ರವಿವಾರ, ರವಿವಾರ."

ಬಡಿಸುವ ಮನುಷ್ಯ ಸಾರಿನ ಬಕೀಟು ಹಿಡಿದುಕೊಂಡೇ "ರವಿವಾರ, ಅಜ್ಜೀ" ಎಂದು ಕೂಗಿದ. ಪಕ್ಕದ ಟೇಬಲ್ಲಿನವರೂ ಕೂಗಿದರು. ಅವಳಿಗೆ ಕೇಳಿಸಿದ್ದು ಕೊನೆಗೆ ಯಾರ ದನಿಯೋ ಗೊತ್ತಿಲ್ಲ. ಅಷ್ಟರಲ್ಲಿ ಓಟಿಪಿಯ ಹೊತ್ತು ಮೀರಿತು. ಎರಡನೆಯದನ್ನು ಹಾಲೇಶ ಗಡಿಬಿಡಿಯಲ್ಲಿ ತಪ್ಪು ಒತ್ತಿದ. ಮೂರನೆಯದು ಬರಲೇ ಇಲ್ಲ. ಬಹಳ ಸಲ ಪ್ರಯತ್ನಿಸಿದ್ದೀರಿ, ಕೆಲವು ದಿನ ತಡೆಯಿರಿ ಎಂದಿತು. ಎಷ್ಟು ದಿನ ಎಂದು ಹೇಳಲಿಲ್ಲ.

ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಸಿದಿರಿ, ನೀವು ಬಾಳೆಹಣ್ಣು ಒಂದನ್ನೇ ತಿಂದಿರಿ. ಬೈದಿದ್ದರೆ ಹಗುರಾಗುತ್ತಿತ್ತು.

ಮೆಹಬೂಬಬೀ


ಹನುಮಸಾಗರ
6 ಅಕ್ಟೋಬರ್ 2025, ಸೋಮವಾರ

ಮೆಹಬೂಬಬೀಗೆ ಶರಣು.

ಹನುಮಪ್ಪನ ಶನಿವಾರವೂ ನನಗೆ ಒಪ್ಪತ್ತು, ಒಪ್ಪತ್ತಿನ ದಿನ ಬೈಯಬಾರದು ಎಂದು ಸುಮ್ಮನಿದ್ದೆ, ಹೆಚ್ಚಿನದೇನಿಲ್ಲ. ಹಾಲೇಶ ಮಾತ್ರ ಕುಷ್ಟಗಿ ಬರುವವರೆಗೂ ಗೊಣಗಿದ. "ಚಿಗವ್ವ, ಆ ಮುದುಕಿಗೆ ಒಂದು ಕ್ಯಾಲೆಂಡರ್ ಕೊಡಸೂಣು" ಎಂದ. ಅವಳಿಗೆ ಓದಲು ಬರುವುದಿಲ್ಲ ಎಂದೆ.

ನೀವು ಕರೆ ಎತ್ತಿದ್ದನ್ನು ನಾನು ನೋಡಿದೆ. ತಿಥಿ ಹೇಳುವಾಗ ಎದ್ದು ನಿಂತು ಹೇಳಿದಿರಿ. ನಮ್ಮವರೂ ಹಾಗೇ ಎದ್ದು ನಿಲ್ಲುತ್ತಿದ್ದರು. ಅದನ್ನು ನೋಡಿದ ಮೇಲೆ ನಿಮ್ಮ ಮೇಲೆ ನನಗೆ ಸಿಟ್ಟು ಬರಲಿಲ್ಲ.

ದಿನ ಹತ್ತಿರ ಬಂದಿದೆ. ಈ ತಿಂಗಳ ಕೊನೆಗೆ ಅಳಿಸುತ್ತಾರೆ. ಗುರುವಾರ ಇನ್ನೊಂದು ಸಲ ನೋಡೋಣ ಎಂದು ಹಾಲೇಶ ಹೇಳುತ್ತಾನೆ. ತಪ್ಪಿದರೆ ಮತ್ತೆ ತಡೆಯಿರಿ ಎನ್ನುತ್ತದೆ, ತಡೆಯಲು ದಿನ ಉಳಿದಿಲ್ಲ. ನೀವು ಇನ್ನೊಂದು ಸಲ ರಜೆ ಹಾಕುವುದು ಬೇಡ. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ ಓಟಿಪಿ ಹೇಳಲು ನಿಮಗೆ ಮನಸ್ಸಾದರೆ ಹೇಳಿರಿ. ಯಾರಿಗೂ ಹೇಳಬೇಡಿರಿ ಎಂದು ನಿಮ್ಮ ಮೇಲಿನವರು ಹೇಳಿದ್ದಾರೆಂದು ನೀವು ಖಾನಾವಳಿಯಲ್ಲಿ ಅಂದದ್ದು ನನಗೆ ನೆನಪಿದೆ. ಅವರ ಮಾತೂ ಸರಿಯೇ.

ಹೇಳುವುದಾದರೆ ಮೊದಲು ನನ್ನನ್ನು ಬ್ಲಾಕಿನಿಂದ ತೆಗೆಯಿರಿ.

ಟಿಪ್ಪುಸಾಬರು ಪತ್ರ ಓದುತ್ತಾರೆ. ನಿಮ್ಮ ಹೋದ ಪತ್ರ ಕೊಡುವಾಗ, "ಮುದುಕಿ ಅಮಾಸಿ ಕೇಳಿ ಎಲ್ಲಾ ಕೆಡಿಸಿದ್ಲಲ್ರಿ ಅಕ್ಕಾರ" ಎಂದು ಮರುಗಿದರು. ನಂಬಿಗಸ್ತ ಮನುಷ್ಯ ಎಂದು ನೀವು ಬರೆದಿದ್ದನ್ನೂ ಓದಿರಬೇಕು.

ನಿಮ್ಮ,
ಶಿವಲೀಲಾ


ಹನುಮಸಾಗರ
27 ಅಕ್ಟೋಬರ್ 2025, ಸೋಮವಾರ

ಮೆಹಬೂಬಬೀಗೆ ಶರಣು.

ಆ ಗುರುವಾರ ನೀವು ಒಂದೊಂದೇ ಅಂಕಿ ಹೇಳಿ, ಪ್ರತಿ ಅಂಕಿಗೂ "ಒತ್ತಿದ್ರ್ಯಾ?" ಎಂದು ಕೇಳಿ ಮುಂದೆ ಹೋದದ್ದು ಛಲೋ ಆಯಿತು. ಖಾತೆ ತೆರೆಯಿತು, ತೆರೆದದ್ದರಿಂದ ಅಳಿಸುವ ಗಡುವೂ ತಪ್ಪಿತು. ಅವತ್ತು ಫೋನಿನಲ್ಲಿ ಇಷ್ಟೇ ಹೇಳಿದ್ದೆ. ಒಳಗಿನದನ್ನು ನೋಡಿ ಮುಗಿಸಿದ ಮೇಲೆ ಉಳಿದದ್ದು ಬರೆಯೋಣ ಎಂದು ಬಿಟ್ಟಿದ್ದೆ. ನಡುವೆ ದೀಪಾವಳಿ ಬಂತು.

ಫೋಟೋ ಬಹಳ ಇವೆ. ಸಜ್ಜೆ ಹೊಲ, ಎಮ್ಮೆ, ಮಂದಿಯ ಮದುವೆ, ಅರ್ಧದಷ್ಟರಲ್ಲಿ ಅವರ ಹೆಬ್ಬೆರಳು. ಪುರಾಣ ಮಾತ್ರ ಒಂದು ದಿನದ್ದಿದೆ. ಅದೂ ಕಥೆಯ ನಡುವೆ ನಿಂತಿದೆ. ಕಂಪನಿಯವರು ಬಿಟ್ಟಿ ಕೊಟ್ಟ ಜಾಗ ತುಂಬಿತ್ತಂತೆ. ತುಂಬಿದ ಮೇಲೆ ಅವರು ಹೇಳಿದ್ದೇನೂ ಅಲ್ಲಿಗೆ ಹೋಗಿಲ್ಲ, ಫೋನಿನಲ್ಲೇ ಉಳಿದಿದೆ. ತುಂಬಿದೆ ಎಂದು ಅವರಿಗೆ ಹೇಳಿರಬೇಕು, ಇಂಗ್ಲಿಷಿನಲ್ಲಿ.

ಹಾಲೇಶ ಫೋನು ಕೆಳಗಿಟ್ಟ. ಆಮೇಲೆ, "ಚಿಗವ್ವ, ಬ್ಯಾಟ್ರಿ ಹೋಗಿರತೈತಿ, ಖರೇ. ಆದರ ಒಳಗಿನ ಮೆಮೊರಿ ಕೆಟ್ಟಿರಂಗಿಲ್ಲ. ಶಾಲಿನಾಗ ಸುತ್ತಿ ಇಟ್ಟೇವಿ" ಎಂದ. ಅವನು ಏನು ಹೇಳುತ್ತಿದ್ದಾನೆಂದು ನನಗೆ ತಿಳಿಯಿತು, ಅವನಿಗೂ ತಿಳಿಯಿತು. ಹೆಂಚು ಕಾದಿತ್ತು. ನಾನು ರೊಟ್ಟಿ ಹಾಕಿದೆ. ಅವನು ಉಂಡು ಹೋದ. ಆ ಮಾತು ಮತ್ತೆ ಬರಲಿಲ್ಲ.

ಪುರಾಣ ಇಲ್ಲದಿದ್ದರೂ ಅಲ್ಲಿ ಇನ್ನೊಂದು ಇತ್ತು. ಆ ಫೋನು ಬಂದ ಕರೆಗಳನ್ನೂ ತಾನಾಗಿಯೇ ರೆಕಾರ್ಡ್ ಮಾಡುತ್ತಿತ್ತಂತೆ. ಅವು ಸಣ್ಣವು, ಜಾಗ ತುಂಬುವುದಕ್ಕೆ ಮುಂಚಿನವೆಲ್ಲ ಇವೆ. ಅವರಿಗೂ ಗೊತ್ತಿರಲಿಲ್ಲ ಎನಿಸುತ್ತದೆ. ಒಂದನ್ನು ಕೇಳಿದೆ. ಊರಿನವರೊಬ್ಬರು ಗಂಡ ಹೆಂಡತಿಯ ಜಗಳ ತಂದಿದ್ದಾರೆ, ಇವರು ಬುದ್ಧಿ ಹೇಳುತ್ತಿದ್ದಾರೆ. ಆ ಹೆಣ್ಣುಮಗಳು ದಿನಾ ನನ್ನ ಹತ್ತಿರ ಮಜ್ಜಿಗೆಗೆ ಬರುತ್ತಾಳೆ. ಇದು ಕೇಳುವಂಥದ್ದಲ್ಲ ಎಂದು, ಕೇಳದೆಯೇ ಅಂಥವನ್ನೆಲ್ಲ ಹಾಲೇಶನ ಕೈಲಿ ಅಳಿಸಿಸಿದೆ. ಅಳಿಸುವಾಗ ಅವರ ದನಿಯೂ ಹೋಗುತ್ತಿತ್ತು. "ಇನ್ನೊಂದು ಸಲ ವಿಚಾರ ಮಾಡ್ರಿ" ಎಂದು ಅವನು ಪ್ರತಿಸಲವೂ ಕೇಳಿದ. ಮಂದಿಯ ಗುಟ್ಟು ಇಟ್ಟುಕೊಂಡು ಅವರ ದನಿ ಕೇಳುವುದು ನನಗೆ ಬೇಡ.

ಫಕೀರಮ್ಮನವು ಉಳಿದವು. ಅವುಗಳಲ್ಲಿ ಗುಟ್ಟಿಲ್ಲ, ಬರೀ ತಿಥಿ. ನಮ್ಮವರು ಅದನ್ನೇ ತಿರುತಿರುಗಿ, ಬೇಸರವಿಲ್ಲದೆ ಹೇಳುತ್ತಾರೆ. ನನ್ನ ಜತೆ ಒಂದೇ ಮಾತನ್ನು ಎರಡು ಸಲ ಆಡಿದ ಮನುಷ್ಯರಲ್ಲ. ಒಂದರಲ್ಲಿ ಅವಳು ಕೇಳುತ್ತಾಳೆ, "ನಿನ್ನ ಪುರಾಣ ಊರೆಲ್ಲ ಕೇಳತೈತಿ, ಮನ್ಯಾಕಿ ಕೇಳ್ತಾಳೇನಪಾ?" ಇವರು ಹೇಳುತ್ತಾರೆ, "ಆಕಿ ಹಿಂದ ರೊಟ್ಟಿ ಬಡಿತಿರತಾಳವಾ. ಆ ಸಪ್ಪಳ ನಿಂತ್ರ ನನಗ ಅರ್ಥ ತಪ್ಪತೈತಿ."

ಅದನ್ನು ಕೇಳಿ, ಆ ಒಂದು ದಿನದ ಪುರಾಣವನ್ನು ಮತ್ತೆ ಹಚ್ಚಿಸಿದೆ. ಅವರ ಮಾತಿನ ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಇದೆ. ಮೊದಲ ಸಲ ಕೇಳಿದಾಗ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಕಂಪನಿಯವರ ಹತ್ತಿರ ಇನ್ನು ಏನೂ ಇಡುವುದು ಬೇಡವೆಂದೆ. ಪುರಾಣವನ್ನು ಹಾಲೇಶ ಉಗುರಿನಷ್ಟು ಸಣ್ಣ ಮೂರು ಕಾರ್ಡಿಗೆ ಹಾಕಿದ. ಒಂದು ಅವನ ಮನೆಯಲ್ಲಿ, ಒಂದು ನನ್ನ ವಿಭೂತಿ ಪೆಟ್ಟಿಗೆಯಲ್ಲಿ. ಮೂರನೆಯದನ್ನು ಈ ಪತ್ರಕ್ಕೆ ಹೊಲಿದು ಕಳಿಸಿದ್ದೇನೆ. ನೀವು ಕೇಳಬೇಕೆಂದೇನಿಲ್ಲ, ಜೋಪಾನ ಇಟ್ಟರೆ ಸಾಕು. ಟಿಪ್ಪುಸಾಬರು ದಾರಿಯಲ್ಲಿ ಕೇಳಿದರೆ ಕೇಳಲಿ.

ಫಕೀರಮ್ಮನವನ್ನು ಮಾತ್ರ ಯಾವ ಕಾರ್ಡಿಗೂ ಹಾಕಿಸಿಲ್ಲ, ಸದ್ಯಕ್ಕೆ ಖಾತೆಯಲ್ಲೇ ಬಿಟ್ಟಿದ್ದೇನೆ. ಅವುಗಳಲ್ಲಿ ಅರ್ಧ ದನಿ ಅವಳದು. ಅವಳನ್ನು ಕೇಳದೆ ಇಟ್ಟುಕೊಳ್ಳುವುದು ಸರಿಯಲ್ಲ.

ನಿಮ್ಮ,
ಶಿವಲೀಲಾ


ಸಿದ್ದಾಪುರ
2 ನವೆಂಬರ್ 2025

ಅಕ್ಕಾ, ಸಲಾಮು.

ಕಾರ್ಡು ಮುಟ್ಟಿದೆ. ನಮ್ಮ ತಾಯಿಯ ಬೆಳ್ಳಿ ತಾಯತದ ಡಬ್ಬಿಯಲ್ಲಿ ಇಟ್ಟಿದ್ದೇನೆ.

ದೀಪಾವಳಿ ಅಮಾವಾಸ್ಯೆಗೆ ಫಕೀರಮ್ಮನ ಫೋನು ಬರಲಿಲ್ಲ. ನಿನ್ನೆಯ ಏಕಾದಶಿಗೂ ಬರಲಿಲ್ಲ. ನಾನೇ ಹಚ್ಚಿದರೆ ಸ್ವಿಚ್ ಆಫ್ ಎನ್ನುತ್ತದೆ. ನಮ್ಮ ಮನೆಯವರು ಚಾಷ್ಟಿ ಬಿಟ್ಟು, "ಏನಾತಂತ ಕೇಳು" ಎನ್ನುತ್ತಿದ್ದಾರೆ. ಯಾರನ್ನು ಕೇಳಲಿ? ನನ್ನ ಹತ್ತಿರ ಅವಳ ನಂಬರು ಒಂದೇ ಇರುವುದು. ಊರಿನ ಹೆಸರು ನಿಮಗೆ ಗೊತ್ತು. ಹೋಗಿ ಬರಲು ಆಗುತ್ತದೆಯೇ?

ಮೆಹಬೂಬಬೀ


ಹನುಮಸಾಗರ
10 ನವೆಂಬರ್ 2025, ಸೋಮವಾರ

ಮೆಹಬೂಬಬೀಗೆ ಶರಣು.

ಕಾರ್ತೀಕ ಸೋಮವಾರ, ಒಪ್ಪತ್ತು. ಗುಡಿಗೆ ದೀಪ ಹಚ್ಚಲು ಹೋಗುವ ಮುಂಚೆ ಬರೆಯುತ್ತಿದ್ದೇನೆ.

ಶುಕ್ರವಾರ ಹಾಲೇಶನ ಬೈಕಿನ ಮೇಲೆ ಹೋಗಿಬಂದೆ. ಊರು ಯಲಬುರ್ಗಾದಿಂದ ಒಳಗೆ. ಫಕೀರಮ್ಮ ಕಟ್ಟೆಯ ಮೇಲೆ ಹುಣಸೆಹಣ್ಣು ಬಡಿಯುತ್ತ ಕೂತಿದ್ದಳು. ಏನೂ ಆಗಿಲ್ಲ. ಫೋನಿನ ಚಾರ್ಜರನ್ನು ಇಲಿ ಕಡಿದಿದೆ. ಹಾಲೇಶ ಅಲ್ಲೇ ಅಂಗಡಿಗೆ ಹೋಗಿ ಬೇರೆ ತಂದುಕೊಟ್ಟ.

ನಾನು ಯಾರೆಂದು ಹೇಳಿದೆ. ನಮ್ಮವರು ಹೋದದ್ದನ್ನೂ ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದೆ.

"ಗೊತ್ತವಾ" ಎಂದಳು.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಬ್ಯಾರೆ ಹೆಣಮಗಳು ಫೋನ್ ಎತ್ತಿದಾಗ ತಿಳೀತು. ಅಪ್ಪಾಗ ಮಕ್ಕಳಿಲ್ಲಂತ ನನಗ ಗೊತ್ತಿಲ್ಲೇನು? ಸೊಸಿ ಎಲ್ಲಿಂದ ಬರ್ತಾಳ?"

"ಮತ್ತ ಸೊಸಿ ಸೊಸಿ ಅಂತ ಕರೀತಿದ್ದೆಲ್ಲ."

"ಏನರೆ ಒಂದು ಅನಬೇಕಲ್ಲ. ಹೆಸರು ಕೇಳಿದ್ರ ರಾಂಗ್ ನಂಬರಂತ ಇಟ್ಟುಬಿಟ್ಟಾಳು ಅಂತ ಅಂಜಿಕಿ. ತಿಥಿ ಒಂದೂ ತಪ್ಪಿಲ್ಲ ನೋಡು ಆಕಿ."

ಆಮೇಲೆ ನಾನು ಹೋದ ಕೆಲಸ ಹೇಳಿದೆ. ಅವಳ ದನಿ ನಮ್ಮ ಹತ್ತಿರ ಇದೆ, ಇಟ್ಟುಕೊಳ್ಳಲೋ ಅಳಿಸಲೋ ಎಂದು ಕೇಳಿದೆ. ನಂಬಲಿಲ್ಲ. ಹಾಲೇಶ ಅವಳ ಕಿವಿಗೆ ಹಚ್ಚಿ ಕೇಳಿಸಿದ. "ಇಷ್ಟು ಜಗಳಗಂಟಿ ಹಂಗ ಮಾತಾಡ್ತೀನೇನು ನಾ?" ಎಂದಳು. ನಮ್ಮವರ ದನಿ ಬಂದಾಗ ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೈಮುಗಿದಳು. ಮುಗಿಯುವವರೆಗೆ ಕೈ ಇಳಿಸಲಿಲ್ಲ.

"ಅಪ್ಪಂದು ನೀ ಇಟಗೊ, ನಂದು ನನಗ ಕೊಟ್ಟಬಿಡು" ಎಂದಳು.

"ಎರಡೂ ಒಂದರಾಗ ಕೂಡ್ಯಾವು ಆಯಿ, ಬಿಡಸಾಕ ಬರಂಗಿಲ್ಲ" ಎಂದು ಹಾಲೇಶ ಹೇಳಿದ.

ಸ್ವಲ್ಪ ಹೊತ್ತು ಹುಣಸೆ ಬಡಿದಳು. "ಹಂಗಾರ ಇಬ್ರೂ ಇಟಗೊಳ್ಳೂಣು. ನಾ ಹೋದ ಮ್ಯಾಲ ನಿಂದ."

ಹಾಲೇಶ ಆ ಮಾತುಗಳನ್ನು ಎರಡು ಕಾರ್ಡಿಗೆ ಹಾಕಿದ; ಒಂದು ನನ್ನ ಹತ್ತಿರ ಇದೆ, ಇನ್ನೊಂದನ್ನು ಅವಳ ಎಲೆಯಡಿಕೆ ಚೀಲದಲ್ಲಿ ಹಾಕಿ ಬಂದೆವು. ಅದನ್ನು ಕೇಳಲು ಅವಳ ಫೋನಿನಲ್ಲಿ ಬರುವುದಿಲ್ಲ. ಅದಕ್ಕೆ ಅವಳು ಬೇಸರ ಮಾಡಿಕೊಳ್ಳಲಿಲ್ಲ. ತನ್ನದು ತನ್ನ ಹತ್ತಿರ ಇದ್ದರೆ ಆಯಿತಂತೆ. ಬಂದ ಮೇಲೆ ಕಂಪನಿಯವರ ಹತ್ತಿರ ಉಳಿದದ್ದನ್ನು ಹಾಲೇಶ ಅಳಿಸಿ, ಖಾತೆ ಮುಚ್ಚಿದ. ಮುಚ್ಚುವ ಮುಂಚೆ, ನಿಜವಾಗಿಯೂ ಮುಚ್ಚಬೇಕೇ ಎಂದು ಅದು ಎರಡು ಸಲ ಕೇಳಿತು. ಹೌದು ಎಂದು ನಾನೇ ಒತ್ತಿದೆ. ಒತ್ತುವ ಮುಂಚೆ ಎಲ್ಲವನ್ನೂ ಹಾಲೇಶನ ಕೈಲಿ ಓದಿಸಿ, ಅರ್ಥ ಹೇಳಿಸಿಕೊಂಡೆ.

ಇನ್ನು ನಿಮ್ಮ ಕೆಲಸ. ಹೊರಡುವಾಗ ಫಕೀರಮ್ಮ ಬರುವ ಏಕಾದಶಿ ಯಾವತ್ತು ಎಂದು ಕೇಳಿದಳು. ಶನಿವಾರ ಎಂದೆ. ನನ್ನ ಮುಖ ನೋಡಿದಳು. "ನೀ ಹೇಳಿದ್ದು ಇರಲಿ. ಆ ನಂಬರಿನಾಕಿನ್ನ ಒಂದು ಮಾತು ಕೇಳಿ ಹೇಳು" ಎಂದಳು. ಮೂವತ್ತು ವರ್ಷ ಪುರಾಣ ಹೇಳಿದವರ ಹೆಂಡತಿ ನಾನು, ನನ್ನ ಮಾತು ನಡೆಯಲಿಲ್ಲ. ಚಾರ್ಜು ಆದ ಮೇಲೆ ಅವಳು ಫೋನು ಮಾಡಿಯೇ ಮಾಡುತ್ತಾಳೆ, ನೀವು ಎತ್ತಿರಿ. ಆದರೂ ನೀವು ಕ್ಯಾಲೆಂಡರು ನೋಡಿ ನನಗೂ ಎರಡು ಸಾಲು ಬರೆಯಿರಿ. ನನಗೂ ಈಗ ಸಂಶಯ ಬಂದಿದೆ.

ಟಿಪ್ಪುಸಾಬರೇ, ಇಲ್ಲಿಯವರೆಗೆ ಓದಿದ್ದೀರಿ ಎಂದು ಗೊತ್ತು. ಲಕೋಟೆಗೆ ಅಂಟು ಹಚ್ಚಿಲ್ಲ, ನೀವು ಹರಿಯುವುದು ಬೇಡ. ನಾಳೆ ಅಂಗನವಾಡಿಯ ಮುಂದೆ ಬಸ್ಸು ನಿಲ್ಲಿಸಿ ಅಕ್ಕೋರ ಕೈಯಿಂದ ಉತ್ತರ ಇಸಿದುಕೊಂಡು ಬನ್ನಿರಿ.

ಶಿವಲೀಲಾ